ಕಿವಿಯ ಕರಡು ತಿದ್ದಿದ್ದು: ನನ್ನ ಅನುಭವ

"ಸತ್ತ ಕಿವಿಗೆ ಯಾಕೆ ಇಷ್ಟು ದುಡ್ಡು ಸುರೀತೀಯ?" ಅಂತ, ನಾನು ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಳ್ಳೋಕೆ ಹೊರಟಾಗ ಅಣ್ಣ ಕೇಳಿದ್ದ. ಒಳಗಿವಿಗೆ ಎಲೆಕ್ಟ್ರೋಡ್ ಇಳಿಸಿ, ಸದ್ದನ್ನು ಕರೆಂಟಾಗಿ ನೇರ ನರಕ್ಕೆ ಮುಟ್ಟಿಸುವ ಯಂತ್ರ ಅದು. ಅವನ ಮಾತಲ್ಲಿ ಸುಳ್ಳೇನೂ ಇರಲಿಲ್ಲ. ನನ್ನ ಬಲಗಿವಿ ಕೇಳಿಸದೆ 26 ವರ್ಷ ಆಗಿತ್ತು. ಡಾಕ್ಟರೂ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ ಅಂದಿದ್ದರು. ಹೋದ ವಾರ ಅದೇ ಕಿವಿಯಲ್ಲಿ, ಎಡಗಿವಿಯ ಹಿಯರಿಂಗ್ ಏಡ್ ತೆಗೆದಿಟ್ಟು, ಅದೇ ಅಣ್ಣನ ಜೊತೆ ಫೋನಿನಲ್ಲಿ ಹತ್ತು ನಿಮಿಷ ಜಗಳ ಆಡಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಪರೇಷನ್, ಹೊಲಿಗೆ, ತಲೆಸುತ್ತು, ಮೂರು ವಾರ ಬಾಯಲ್ಲಿ ಉಳಿದ ಕಬ್ಬಿಣದ ರುಚಿ, ಇದೆಲ್ಲ ಇಂಪ್ಲಾಂಟ್ ಹಾಕಿಸಿಕೊಂಡವರಿಗೆ ಗೊತ್ತಿರೋದೇ. ನಾನು ಹೇಳೋದು ಸ್ವಿಚ್ ಆನ್ ಆದಮೇಲಿನ ಕತೆ.

ಸ್ವಿಚ್ ಆನ್ ದಿನ ಜನ ಆನಂದದಿಂದ ಅಳುವ ವಿಡಿಯೋಗಳನ್ನು ನೋಡಿಕೊಂಡು ಹೋಗಿದ್ದೆ. ನನಗೂ ಅಳು ಬಂತು, ಕಾರಣ ಬೇರೆ. ಯಂತ್ರವನ್ನು ಕಿವಿಗೆ ಹೊಂದಿಸುವ ಆಡಿಯಾಲಜಿಸ್ಟ್ ಬಾಯಿ ಆಡಿಸಿದರು, ನನಗೆ ಟ್ಯೂಂಯ್ ಟ್ಯೂಂಯ್ ಅಂತ ಏನೋ ಬಂತು. ಮಗಳು ಮಾತಾಡಿದಳು, ಮತ್ತೆ ಅದೇ. ಕುರ್ಚಿ ಎಳೆದರೂ ಅದೇ. ಮನೆಯವರು ಯಾರು, ಮಗಳು ಯಾರು, ಬಾಗಿಲು ಯಾವುದು ಅಂತ ಕಣ್ಣು ಬಿಟ್ಟೇ ನೋಡಬೇಕಿತ್ತು. ನನ್ನ ಇಂಪ್ಲಾಂಟಿನಲ್ಲಿ 22 ಎಲೆಕ್ಟ್ರೋಡ್, ಅಂದರೆ ನರಕ್ಕೆ ಕರೆಂಟು ಕೊಡುವ ಬಿಂದುಗಳು ಇವೆ. ಬೇರೆ ಕಂಪನಿಗಳದ್ದರಲ್ಲಿ 12, 16 ಇರುತ್ತವೆ. 22 ಇದ್ದೂ ನನಗೆ ಕೇಳಿಸಿದ್ದು ಒಂದೇ ಒಂದು ಪೀಪಿ.

ಮೊದಲ ತಪ್ಪು ಅಲ್ಲೇ ಆಯಿತು. ಒಂದೊಂದು ಎಲೆಕ್ಟ್ರೋಡಿಗೂ ಎಷ್ಟು ಕರೆಂಟು ಅಂತ ಹೊಂದಿಸೋದಕ್ಕೆ ಮ್ಯಾಪಿಂಗ್ ಅನ್ನುತ್ತಾರೆ. ಅದನ್ನು ಮಾಡುವಾಗ ಮೇಲಿನ ಸ್ಥಾಯಿಯ ಸ್ವರಗಳು ಸೂಜಿ ಚುಚ್ಚಿದ ಹಾಗೆ ಬರುತ್ತಿದ್ದವು. 26 ವರ್ಷ ಕೇಳದ ಸದ್ದು ಅಲ್ವಾ, ಹೆದರಿದೆ. ಪ್ರತಿಯೊಂದಕ್ಕೂ ಜಾಸ್ತಿ ಆಯ್ತು, ಜಾಸ್ತಿ ಆಯ್ತು ಅಂದೆ. ಅವರು ತಗ್ಗಿಸಿದರು. ಅದರ ಫಲ ಮೂರು ತಿಂಗಳು ಉಂಡೆ.

ಎರಡನೇ ತಪ್ಪು, ಸುಳ್ಳು. ಎರಡನೇ ಮ್ಯಾಪಿಂಗ್‌ಗೆ ಹೋದಾಗ "ದಿನಾ ಎಷ್ಟು ಹೊತ್ತು ಹಾಕ್ಕೋತೀರಿ?" ಅಂತ ಕೇಳಿದರು. "ಬೆಳಿಗ್ಗೆ ಎದ್ದಾಗಿಂದ ಮಲಗೋ ತನಕ" ಅಂದೆ. ಕಿವಿಯ ಮೇಲೆ ಹಾಕಿಕೊಳ್ಳುವ ಪ್ರೊಸೆಸರ್ ಗಂಟೆಗಳ ಲೆಕ್ಕ ಇಟ್ಟಿರುತ್ತೆ ಅನ್ನೋದು ನನಗೆ ಗೊತ್ತಿರಲಿಲ್ಲ. ಅವರು ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದರು. ದಿನಕ್ಕೆ ಸರಾಸರಿ ನಾಲ್ಕು ಗಂಟೆ ಚಿಲ್ಲರೆ. ಚಾಡಿಕೋರ ಯಂತ್ರ. ಆವತ್ತಿಂದ ನಿಜವಾಗಿಯೂ ಎದ್ದಾಗಿಂದ ಮಲಗೋ ತನಕ ಹಾಕಿಕೊಂಡೆ. ಸಂಜೆ ತಲೆ ಸಿಡಿದುಹೋಗುತ್ತಿತ್ತು, ಎರಡು ವಾರ ಆದಮೇಲೆ ಕಡಿಮೆ ಆಯಿತು.

ಆದರೂ ಮಾತು ಮಾತಾಗಲಿಲ್ಲ. ಐದು ವರ್ಷದ ಹಿಂದೆ ಇಂಪ್ಲಾಂಟ್ ಹಾಕಿಸಿಕೊಂಡವರೊಬ್ಬರನ್ನು ಕೇಳಿದೆ. "ಸುಮ್ನೆ ಹಾಕ್ಕೊಂಡು ಓಡಾಡಿ, ಮೆದುಳು ತಾನೇ ಕಲಿಯುತ್ತೆ" ಅಂದರು. ಅವರು ಕಿವಿ ಹೋದ ಒಂದೇ ವರ್ಷಕ್ಕೆ ಹಾಕಿಸಿಕೊಂಡವರು. ಅವರ ಮೆದುಳಿಗೆ ನೆನಪಿತ್ತು. ನನ್ನದು ಅಕ್ಷರಮಾಲೆಯನ್ನೇ ಮರೆತ ಮಗು.

ನಾನು ಕರಡು ತಿದ್ದುವವಳು. ಪುಟಕ್ಕೆ ಇಷ್ಟು ಅಂತ ಸಂಬಳ, ಹಾಗಾಗಿ ದುಡ್ಡನ್ನೂ ಪುಟದ ಲೆಕ್ಕದಲ್ಲೇ ಯೋಚಿಸುತ್ತೇನೆ. ನಮ್ಮ ಕಸುಬಿನಲ್ಲಿ ಒಂದು ಹಳೇ ಪದ್ಧತಿ ಇದೆ. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಕರಡಿನ ಮೇಲೆ ಕಣ್ಣಾಡಿಸುತ್ತಾ ತಪ್ಪು ಹಿಡಿಯುತ್ತಾರೆ. ಕಿವಿ ಹೋದಮೇಲೆ ಅದು ನನಗೆ ತಪ್ಪಿಹೋಗಿತ್ತು. ಎರಡೂ ಹಾಳೆ ಪಕ್ಕಪಕ್ಕ ಇಟ್ಟುಕೊಂಡು ಒಬ್ಬಳೇ ತಿದ್ದುತ್ತಿದ್ದೆ. ಒಂದು ರಾತ್ರಿ ನಿದ್ದೆ ಬರದೆ ಬಿದ್ದುಕೊಂಡಿದ್ದಾಗ ಹೊಳೆಯಿತು: ಅದನ್ನೇ ಯಾಕೆ ಈ ಕಿವಿಗೆ ಮಾಡಬಾರದು?

ಮಾಡಿದ್ದು ಇಷ್ಟು. ಯಾವುದಾದರೂ ಪುಸ್ತಕದ ಒಂದು ಪುಟ ನನ್ನ ಕೈಯಲ್ಲಿ. ಅದೇ ಪುಟದ ಇನ್ನೊಂದು ಪ್ರತಿ ಮಗಳ ಕೈಯಲ್ಲಿ. ಅವಳು ನನಗೆ ಹೇಳದೆ ಅದರಲ್ಲಿ ಹತ್ತು ಪದ ಬದಲಿಸಿಕೊಂಡಿರುತ್ತಾಳೆ. ನನ್ನ ಹಿಂದೆ, ಬಲಗಡೆ, ಒಂದು ಮಾರು ದೂರದಲ್ಲಿ ಕೂತು ಓದುತ್ತಾಳೆ. ಹಿಂದೆ ಯಾಕೆ ಅಂದರೆ, ಎದುರಿಗೆ ಕೂತರೆ ನಾನು ತುಟಿ ಓದಿಬಿಡುತ್ತೇನೆ, ಅದರಲ್ಲಿ ನಾನು ಪಳಗಿದ ಕಳ್ಳಿ. ಎಡಗಿವಿಯ ಏಡ್ ಅವಳ ಜೇಬಿನಲ್ಲಿ. ಪುಟದಲ್ಲಿ "ಮರದ ಕೆಳಗೆ ಕೂತು ಕತೆ ಹೇಳಿದ" ಅಂತ ಇರುತ್ತೆ. ಅವಳು "ಕತ್ತೆ ಹೇಳಿದ" ಅಂತ ಓದುತ್ತಾಳೆ. ನಾನು ಹಿಡಿಯಬೇಕು.

ಪುಟ ಎದುರಿಗಿದ್ದರೆ ಅದು ಕಿವಿಗೆ ಅಭ್ಯಾಸ ಹೇಗೆ ಆಗುತ್ತೆ, ನೋಡಿ ಓದೋದು ತಾನೇ, ಅಂತ ಆಡಿಯಾಲಜಿಸ್ಟ್ ನಕ್ಕರು. ಅವರು ಮರೆತದ್ದೇನೆಂದರೆ, ತಪ್ಪು ಹಿಡಿಯುವವಳ ಕಿವಿ ಪ್ರತಿ ಪದದ ಮೇಲೂ ಕೂತಿರುತ್ತೆ. ಸುಮ್ನೆ ಕೇಳುವವಳಿಗೆ ಒಂದು ವಾಕ್ಯದಲ್ಲಿ ಎರಡು ಪದ ಸಿಕ್ಕರೆ ಸಾಕು, ಉಳಿದದ್ದನ್ನು ಊಹೆಯಲ್ಲೇ ತುಂಬಿಕೊಳ್ಳುತ್ತಾಳೆ.

ಮೊದಲ ವಾರ ಹತ್ತರಲ್ಲಿ ಒಂದೋ ಎರಡೋ ಸಿಕ್ಕವು. ವಿಚಿತ್ರ ಏನಂದರೆ, ಸಿಕ್ಕಿದ್ದೆಲ್ಲ ಒಂದೇ ಜಾತಿಯವು. ಕತೆ-ಕತ್ತೆ, ಮರ-ಮಾರ, ಬಿಡು-ಬೀಡು. ಅಂದರೆ ಒತ್ತು ಮತ್ತು ದೀರ್ಘ. ಯಾವುದು ಎಷ್ಟು ಹೊತ್ತು ನಿಂತಿತು ಅನ್ನೋದನ್ನು ಈ ಯಂತ್ರ ಚೆನ್ನಾಗಿ ಹೇಳುತ್ತೆ. ಯಾವ ಸ್ವರ ಅನ್ನೋದರಲ್ಲೇ ಅದಕ್ಕೆ ಕಷ್ಟ. ನಮ್ಮ ಭಾಷೆಯಲ್ಲಿ ಹ್ರಸ್ವ ದೀರ್ಘಕ್ಕೆ ಇಷ್ಟು ಬೆಲೆ ಇರೋದು ನಮ್ಮ ಪುಣ್ಯ. ಆಮೇಲೆ ತುಟಿಗೆ ಒಂದೇ ಆಗಿ ಕಾಣುವ ಬರ, ಪರ, ಮರ ಬೇರೆಯಾದವು. 26 ವರ್ಷ ತುಟಿ ನೋಡಿ ಊಹಿಸಿದ್ದು ಈಗ ಕಿವಿಗೆ ಸಿಕ್ಕಿತು. ಆ ದಿನ ಮಗಳಿಗೆ ಐವತ್ತು ಸಲ "ಬರ, ಮರ" ಅನ್ನಿಸಿ ಅವಳ ತಲೆ ತಿಂದೆ.

ಸಿಗದಿದ್ದನ್ನು ಬರೆದಿಟ್ಟೆ. ನೋಟ್‌ಬುಕ್ಕಿನಲ್ಲಿ ಎಡಗಡೆ ಅವಳು ಹೇಳಿದ್ದು, ಬಲಗಡೆ ನನಗೆ ಕೇಳಿಸಿದ್ದು. ಎರಡು ತಿಂಗಳಿಗೆ ಇನ್ನೂರರ ಹತ್ತಿರ ಪದ ಸೇರಿದವು. ಒಂದು ದಿನ ಕೂತು ಜಾತಿವಾರು ವಿಂಗಡಿಸಿದರೆ ಕಳ್ಳ ಸಿಕ್ಕಿಬಿದ್ದ. ಅರ್ಧಕ್ಕಿಂತ ಜಾಸ್ತಿ ಒಂದೇ ತಪ್ಪು: ಇ ಕಾರ ಉ ಕಾರವಾಗಿ ಕೇಳಿಸುತ್ತಿತ್ತು. ಹಿಡಿ ಹುಡಿ ಆಗಿತ್ತು, ಕಿರಿ ಕುರಿ ಆಗಿತ್ತು. ಯಾರಾದರೂ "ಸ್ವಲ್ಪ ಇರಿ" ಅಂದರೆ ನನಗೆ "ಸ್ವಲ್ಪ ಉರಿ". ಅದರ ಜೊತೆ ಸಕಾರ ಎಷ್ಟೋ ಕಡೆ ಮಾಯ.

ಈ ಪಟ್ಟಿ ತೆಗೆದುಕೊಂಡು ಮೂರನೇ ಮ್ಯಾಪಿಂಗ್‌ಗೆ ಹೋದೆ. "ಈ ತರ ಪಟ್ಟಿ ಯಾರೂ ತರಲ್ಲಮ್ಮ" ಅಂತ ಆಡಿಯಾಲಜಿಸ್ಟ್ ಅದನ್ನು ಮೇಜಿನ ಮೇಲಿಟ್ಟು ಮರೆತರು. ಹೋಗಿ ಬರೋದಕ್ಕೆ ಒಂದಿಡೀ ದಿನ, ಅಂದರೆ ನನಗೆ 40 ಪುಟ ನಷ್ಟ. ನಾಲ್ಕನೇ ಸಲ ಅಲ್ಲಿ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳಿದ್ದಳು. ಅವಳು ಪಟ್ಟಿಯನ್ನು ಬೆರಳಿಟ್ಟು ಕೆಳಗಿನ ತನಕ ಓದಿದಳು. ಈ, ಊ ಎರಡಕ್ಕೂ ಕೆಳಗಿನ ಸ್ವರ ಹೆಚ್ಚುಕಡಿಮೆ ಒಂದೇ, ಬೇರೆ ಮಾಡೋದು ಮೇಲಿನದ್ದು, 2000 ಹರ್ಟ್ಸ್ ಆಸುಪಾಸಿನದ್ದು, ನಿಮ್ಮ ಮ್ಯಾಪಿನಲ್ಲಿ ಅಲ್ಲೇ ಹಳ್ಳ ಬಿದ್ದಿದೆ ಅಂದಳು. ಮೊದಲ ದಿನ ಹೆದರಿ ತಗ್ಗಿಸಿಕೊಂಡಿದ್ದೆನಲ್ಲ, ಅದೇ ಹಳ್ಳ. ಅಷ್ಟು ಎಲೆಕ್ಟ್ರೋಡ್‌ಗಳನ್ನು ಒಂದೊಂದಾಗಿ ಏರಿಸಿದಳು. ನಾನು ದುರಾಸೆಯಿಂದ ಇನ್ನೂ, ಇನ್ನೂ ಅಂದೆ. ಬಲಗಣ್ಣಿನ ರೆಪ್ಪೆ ಪಟಪಟ ಹೊಡೆದುಕೊಳ್ಳೋಕೆ ಶುರುವಾಯಿತು. ಒಂದು ಎಲೆಕ್ಟ್ರೋಡಿನ ಕರೆಂಟು ಮುಖದ ನರಕ್ಕೂ ತಗುಲುತ್ತಿತ್ತು. ಅದೊಂದನ್ನು ಆರಿಸಿದಳು. ಹಾಗಾಗಿ ಈಗ 21.

ಅವತ್ತು ಸಂಜೆ ಹತ್ತರಲ್ಲಿ ಏಳು ಹಿಡಿದೆ. ಹಿಂದಿನ ದಿನದ ತನಕ ನಾಲ್ಕು ದಾಟಿರಲಿಲ್ಲ. ಮಗಳು ಎರಡನೇ ಪುಟ ಓದಿದಳು, ಮತ್ತೆ ಏಳು.

ಹತ್ತು ತಪ್ಪನ್ನು ಎಲ್ಲಿ ಸೇರಿಸಬೇಕು, ಯಾವ ತಿಂಗಳು ಯಾವ ಜೋಡಿ ಕೊಡಬೇಕು ಅನ್ನೋದಕ್ಕೆ ಒಂದು ಕ್ರಮ ಇದೆ. ಅದನ್ನು ಕಂಡುಕೊಳ್ಳೋಕೆ ನಾನು ನಾಲ್ಕು ತಿಂಗಳು ತಿಣುಕಿದ್ದೇನೆ. ಇಲ್ಲಿ ಬರೆಯಲ್ಲ. ನೋಟ್‌ಬುಕ್ ಇಟ್ಟವರಿಗೆ ತಾನಾಗಿಯೇ ಕಾಣುತ್ತೆ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಸಭೆಯಲ್ಲಿ, ಗದ್ದಲದಲ್ಲಿ ಉಪಯೋಗಕ್ಕೆ ಬರುತ್ತೆ ಅಂತ ಒಂದು ವೈರ್‌ಲೆಸ್ ಮೈಕ್ ಕೊಂಡೆ. ಸುಮಾರು 2000 ಪುಟದ ದುಡ್ಡು. ಮೈಕ್ ಒಳ್ಳೇದೇ, ಆದರೆ ನಾನು ಯಾವ ಸಭೆಗೆ ಹೋಗುತ್ತೇನೆ ಹೇಳಿ? ಪೆಟ್ಟಿಗೆಯಲ್ಲೇ ಇದೆ. ಸೆಲ್ಲಿನಲ್ಲೂ ಪೆಟ್ಟು ತಿಂದೆ. ಸೆಲ್ಲಿನ ಸೈಜು 675. 675 ಅಂದರೆ 675 ತಾನೇ ಅಂತ ಹಿಯರಿಂಗ್ ಏಡಿಗೆ ಹಾಕುವ ಅಗ್ಗದ ಸೆಲ್ ತಂದೆ. ಬೆಳಿಗ್ಗೆ ಹಾಕಿದರೆ ಮಧ್ಯಾಹ್ನಕ್ಕೆ ಢಮಾರ್. ಇಂಪ್ಲಾಂಟ್ ಎಳೆಯುವ ಕರೆಂಟು ಜಾಸ್ತಿ, ಅದಕ್ಕೆ ಅಂತಲೇ ಬರುವ ಸೆಲ್ ಬೇಕು. ಅದಾದರೆ ಎರಡು ಸೆಲ್ ನನಗೆ ಎರಡೂವರೆ ದಿನ ಬರುತ್ತಿತ್ತು. ಸ್ಟಿಕ್ಕರ್ ಕಿತ್ತು ಐದು ನಿಮಿಷ ಗಾಳಿಗೆ ಬಿಟ್ಟು ಹಾಕಿದರೆ ಅರ್ಧ ದಿನ ಹೆಚ್ಚು ಬಂದ ಹಾಗೆ ಕಂಡಿತು. ಹಾಗಂತ ಎಂಟು ಜೋಡಿಯಲ್ಲಿ ಮಾತ್ರ ನೋಡಿದ್ದು, ಆಣೆ ಮಾಡಲ್ಲ. ವರ್ಷಕ್ಕೆ 300 ಸೆಲ್, ಅಂದರೆ 750 ಪುಟ. ಚಾರ್ಜ್ ಮಾಡುವ ಬ್ಯಾಟರಿ ಜೋಡಿಗೆ ಚಾರ್ಜರ್ ಸೇರಿ 1250 ಪುಟ ಬಿತ್ತು. ಎರಡು ವರ್ಷ ಬಾಳಿದರೆ ನಾನು ಗೆದ್ದೆ.

ನೋಟ್‌ಬುಕ್ ಇನ್ನೊಂದು ಉಪಕಾರ ಮಾಡಿತು. ಐದನೇ ತಿಂಗಳಲ್ಲಿ ಇದ್ದಕ್ಕಿದ್ದಂತೆ ಏಳರಿಂದ ಮೂರಕ್ಕೆ ಇಳಿದೆ. ಮಾತು ತುಂಡು ತುಂಡು. ಎರಡು ವಾರ ಅತ್ತೆ. ಅಣ್ಣ "ನಾನು ಹೇಳಿರಲಿಲ್ವಾ" ಅಂದ. ಆಮೇಲೆ ಗಮನಿಸಿದರೆ, ತಪ್ಪುಗಳೆಲ್ಲ ಪುಟದ ಎಡಭಾಗದ ಪದಗಳಲ್ಲೇ. ಎಡಭಾಗ ಓದುವಾಗ ಕತ್ತು ಎಡಕ್ಕೆ ತಿರುಗುತ್ತೆ, ಆಗ ಪ್ರೊಸೆಸರಿನಿಂದ ತಲೆಗೆ ಅಂಟುವ ಕಾಯಿಲಿಗೆ ಹೋಗುವ ಕೇಬಲ್ ಎಳೆದ ಹಾಗಾಗುತ್ತೆ. ಬೆವರಿಗೆ ಕೇಬಲ್ ಒಳಗೇ ಬಿಟ್ಟುಕೊಂಡಿತ್ತು. ಹೊಸ ಕೇಬಲ್, 400 ಪುಟ. ಮಾರನೇ ದಿನ ಎಂಟು. ಈಗ ರಾತ್ರಿ ತಪ್ಪದೆ ಎಲ್ಲವನ್ನೂ ತೇವ ಹೀರುವ ಡಬ್ಬಿಯಲ್ಲಿ ಇಡುತ್ತೇನೆ.

ಸಂಗೀತದ ಮೇಲೂ ಕೈ ಹಾಕಿದೆ. ಕಿವಿ ಇದ್ದಾಗ ಬಾಯಿಪಾಠ ಬರುತ್ತಿದ್ದ ಹಾಡೊಂದನ್ನು ಹಾಕಿಕೊಂಡೆ. ತಾಳ ಸರಿಯಾಗಿ ಬಂತು, ರಾಗದ ಜಾಗದಲ್ಲಿ ಬಂದದ್ದು ಕಾಗೆ ಜಗಳ. ಫೋನಿನಲ್ಲಿ ಕೀಬೋರ್ಡ್ ತೆರೆದು ಒಂದೊಂದೇ ಮನೆ ಒತ್ತಿ ನೋಡಿದೆ. ಪಕ್ಕಪಕ್ಕದ ಮನೆಗಳು ಒಂದೇ ತರ, ಕೆಲವು ಕಡೆ ಮೇಲಿನದ್ದೇ ಕೆಳಗಿನದ್ದಾಗಿ ಕೇಳುತ್ತೆ. 21 ಎಲೆಕ್ಟ್ರೋಡಿನಲ್ಲಿ ರಾಗ ಹಿಡಿಯೋದು ಹರಿದ ಬಲೆಯಲ್ಲಿ ಮೀನು ಹಿಡಿದ ಹಾಗೆ. ಒಂದು ತಿಂಗಳು ಹೆಣಗಿ ಬಿಟ್ಟೆ.

ಇನ್ನೊಂದು ಹುಚ್ಚು. ನನ್ನ ತರದ ಇಂಪ್ಲಾಂಟ್ ರೂಪಿಸಿದ ಆಸ್ಟ್ರೇಲಿಯಾದ ಡಾಕ್ಟರ್ ಗ್ರೇಮ್ ಕ್ಲಾರ್ಕ್‌ಗೆ 1977ರಲ್ಲಿ ಸಮುದ್ರತೀರದಲ್ಲಿ ಕೂತು ಶಂಖದೊಳಗೆ ಹುಲ್ಲಿನ ಎಸಳು ತೂರಿಸಿ ನೋಡುತ್ತಿದ್ದಾಗ, ಸುರುಳಿಯಾದ ಕರ್ಣಶಂಖದೊಳಕ್ಕೆ ಎಲೆಕ್ಟ್ರೋಡ್ ತಳ್ಳುವ ಉಪಾಯ ಹೊಳೆಯಿತಂತೆ: ಬುಡ ಗಡಸು, ತುದಿ ಬಳುಕುವಂತೆ. ಮರುವರ್ಷ ಮೆಲ್ಬೋರ್ನಿನಲ್ಲಿ ತಮ್ಮ ಮೊದಲ ಇಂಪ್ಲಾಂಟ್ ಆಪರೇಷನ್ ಮಾಡಿದರು. ನಾನೂ ಒಂದು ಶಂಖ ಹುಡುಕಿ ಹುಲ್ಲು ತೂರಿಸಿದೆ. ಒಂದೂವರೆ ಸುತ್ತು ಹೋಗಿ ನಿಂತಿತು. ಸುಮಾರು ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ. ನನ್ನ ತಲೆಯೊಳಗೂ ಹೀಗೇ ಒಂದು ಎಸಳು.

ಈಗ ಒಂಬತ್ತನೇ ತಿಂಗಳು. ಪುಟ ನೋಡಿಕೊಂಡು ಹತ್ತಕ್ಕೆ ಎಂಟು, ಒಂಬತ್ತು. ಪುಟ ಇಲ್ಲದೆ, ಗೊತ್ತಿರೋ ದನಿಯಾದರೆ ಮುಕ್ಕಾಲು ಪಾಲು ಮಾತು ಸಿಗುತ್ತೆ. ಫ್ಯಾನ್ ಹಾಕಿ, ಟಿವಿ ಹಚ್ಚಿದರೆ ಮೂರಕ್ಕೆ ಇಳಿಯುತ್ತೇನೆ. ಹುಲಿ-ಹುಳಿ, ಹಲ್ಲಿ-ಹಳ್ಳಿ ಇನ್ನೂ ಬೇರೆ ಆಗಿಲ್ಲ. ಲ, ಳ ವ್ಯತ್ಯಾಸವನ್ನು ಅಚ್ಚಿನಲ್ಲಿ ಸಾವಿರಾರು ಸಲ ತಿದ್ದಿದವಳಿಗೆ ಕಿವಿಯಲ್ಲಿ ಅದು ಬರದೆ ಇರೋದು ಸ್ವಲ್ಪ ಅವಮಾನವೇ. ಆ ಹೊಸ ಆಡಿಯಾಲಜಿಸ್ಟ್ ಹುಡುಗಿ ಈಗ ಬೇರೆಯವರಿಗೂ ನೋಟ್‌ಬುಕ್ ಇಡೋಕೆ ಹೇಳುತ್ತಿದ್ದಾಳಂತೆ.

ಮೊನ್ನೆ ಮಗಳು ಹತ್ತು ತಪ್ಪು ಸೇರಿಸಿ ಓದಿದಳು. ನಾನು ಒಂಬತ್ತು ಗುರುತು ಹಾಕಿ, ಹತ್ತನೆಯದು ಅಂತ "ಹಾಸಿಗೆ"ಗೆ ಸುತ್ತು ಹಾಕಿದೆ. "ಅದು ನಾನು ಬದಲಿಸಿಲ್ಲ" ಅಂದಳು. "ನೀನು ಆಸಿಗೆ ಅಂದೆ" ಅಂದೆ. ಇಲ್ಲ ಅಂದಳು. ಫೋನಿನಲ್ಲಿ ರೆಕಾರ್ಡ್ ಆಗಿತ್ತು, ಅವರಪ್ಪನನ್ನು ಕರೆದು ಕೇಳಿಸಿದೆವು. ಅವರು ಎರಡು ಸಲ ಕೇಳಿ "ಆಸಿಗೆ ಅಂತಲೇ ಇದೆ" ಅಂದರು. ಅವಳು ಇನ್ನೂ ಒಪ್ಪಿಲ್ಲ.