ಮನೆಯಲ್ಲೇ ಕಟಿಸ್ನಾನ ಮಾಡುವ ಕ್ರಮ

ಕಟಿಸ್ನಾನ ಎಂದರೆ ಸೊಂಟದ ಭಾಗವನ್ನಷ್ಟೇ ತಣ್ಣೀರಿನಲ್ಲಿ ಮುಳುಗಿಸಿ ಕೂರುವುದು. ಮೊದಲು ಟಬ್ಬಿನ ವಿಷಯ. ಬಟ್ಟೆ ನೆನೆಸುವ ಬಕೆಟಿನಲ್ಲಿ ಇದು ಆಗುವುದಿಲ್ಲ. ಬೆನ್ನಿಗೆ ಒರಗು ಸಿಗುವ, ಕಾಲು ಹೊರಗೆ ಚಾಚಲು ಬರುವ ಟಬ್ ಬೇಕು. ಬಚ್ಚಲಲ್ಲಿ ಅದನ್ನಿಟ್ಟು ಎದುರಿಗೆ ಒಂದು ಮಣೆ ಹಾಕಿ. ಪಾದ ಮಣೆಯ ಮೇಲೆ, ಒಣಗಿಯೇ ಇರಬೇಕು.

ಬಾವಿಯಿಂದ ಆಗಷ್ಟೇ ಸೇದಿದ ನೀರು ಸಾಕು. ನಮ್ಮ ಉಡುಪಿಯ ಏಪ್ರಿಲ್ ಸೆಕೆಗೆ ಟೆರೇಸಿನ ಟ್ಯಾಂಕಿ ನೀರು ತಣ್ಣಗಿರುವುದೇ ಇಲ್ಲ, ಅದು ಬೇಡ. ಐಸು ಸುರಿಯುವ ಶೌರ್ಯವೂ ಬೇಡ. ಕೂತಾಗ ನೀರು ಹೊಕ್ಕುಳಿನವರೆಗೆ ಬರಬೇಕು. ಒದ್ದೆ ಬೈರಾಸಿನಿಂದ ಕಿಬ್ಬೊಟ್ಟೆಯನ್ನು ಬಲದಿಂದ ಎಡಕ್ಕೆ ಮೆಲ್ಲಗೆ ಉಜ್ಜುತ್ತಿರಿ. ಹೊಸಬರಿಗೆ ಐದು ನಿಮಿಷ, ರೂಢಿಯಾದ ಮೇಲೆ ಹತ್ತು-ಹದಿನೈದು. ಹೊಟ್ಟೆ ಖಾಲಿ ಇರಲಿ. ಎದ್ದ ಕೂಡಲೇ ಒರೆಸಿಕೊಂಡು, ಮೈ ಬೆಚ್ಚಗಾಗುವವರೆಗೆ ಅಂಗಳದಲ್ಲಿ ನಡೆಯಿರಿ. ಫ್ಯಾನಿನಡಿ ಕೂತರೆ ಮಾಡಿದ್ದೆಲ್ಲ ದಂಡ.

ಇದು ಅಜ್ಜಿ ಮದ್ದು ಎಂದುಕೊಂಡವರು ಬಹಳ. ಅಲ್ಲ ಮಾರಾಯ್ರೆ, ಜರ್ಮನಿಯ ಲೀಪ್‌ಜಿಗ್‌ನ ಲೂಯಿ ಕೂನೆ 19ನೇ ಶತಮಾನದ ಕೊನೆಗೆ ಹಬ್ಬಿಸಿದ್ದು. ಅವನಿಗೂ ಮೊದಲು ಮಧ್ಯ ಯುರೋಪಿನ ಸೈಲೀಷಿಯಾದ ರೈತ ಪ್ರೀಸ್‌ನಿಟ್ಸ್ ತಣ್ಣೀರಿನ ಚಿಕಿತ್ಸೆಯಲ್ಲೇ ಹೆಸರು ಮಾಡಿದ್ದ. ಬವೇರಿಯಾದ ಪಾದ್ರಿ ಕ್ನೈಪ್‌ನ ನೀರಿನ ಚಿಕಿತ್ಸೆಯನ್ನು ಬೆನೆಡಿಕ್ಟ್ ಲುಸ್ಟ್ ಅಮೆರಿಕಕ್ಕೆ ಒಯ್ದು, 1902ರ ಹೊತ್ತಿಗೆ 'ನ್ಯಾಚುರೋಪತಿ' (ಪ್ರಕೃತಿ ಚಿಕಿತ್ಸೆ) ಎಂಬ ಹೆಸರಲ್ಲಿ ಬೆಳೆಸಿದ. ನಮ್ಮಲ್ಲಿ ಇದು ಹೆಚ್ಚು ಜನಕ್ಕೆ ಗೊತ್ತಾದದ್ದು ಗಾಂಧೀಜಿಯ ಮೂಲಕ. ಮಗ ಮಣಿಲಾಲನ ಟೈಫಾಯ್ಡಿಗೆ ಮೂರು ನಿಮಿಷ ಮೀರದ ಕಟಿಸ್ನಾನ ಕೊಟ್ಟಿದ್ದಾಗಿ ಅವರೇ ಬರೆದಿದ್ದಾರೆ. ಅದನ್ನು ಓದಿ ನೀವು ಜ್ವರದ ಮಗುವನ್ನು ತೊಟ್ಟಿಯಲ್ಲಿ ಕೂರಿಸಬೇಡಿ, ಡಾಕ್ಟರ ಹತ್ತಿರ ಹೋಗಿ. ಎಲ್ಲ ಕಾಯಿಲೆಗೂ ಮೂಲ ಒಂದೇ ಎಂಬ ಕೂನೆಯ ಮಾತನ್ನು ನಾನಂತೂ ನಂಬುವುದಿಲ್ಲ. ಹೊಟ್ಟೆ ಕಟ್ಟಿದಾಗ, ಸೆಕೆಯಲ್ಲಿ ನಿದ್ದೆ ಬಾರದಿದ್ದಾಗ ಹಿತವಾಗುತ್ತದೆ, ಅಷ್ಟೇ.

ನಮ್ಮಪ್ಪ ಗಾಂಧಿ ಭಕ್ತರು, ದಿನಾ ಟಬ್ಬಿನಲ್ಲಿ ಕೂರುತ್ತಿದ್ದರು. ಪೆನಿಸಿಲಿನ್ ಇಂಜೆಕ್ಷನ್ನೇ ದೇವರು ಎಂದು ಜನ ನಂಬಿದ ಕಾಲ. ಕೇರಿಯವರು ಅಪ್ಪನಿಗೆ 'ಟಬ್ ಭಟ್ರು' ಎಂದು ಹೆಸರಿಟ್ಟಿದ್ದರು. 1989ರಲ್ಲಿ ಉಜಿರೆಯಲ್ಲಿ ಪ್ರಕೃತಿ ಚಿಕಿತ್ಸಾ ಕಾಲೇಜು ಬಂತು, ಅದಕ್ಕೊಂದು ಡಿಗ್ರಿಯೂ ಆಯಿತು. ಅಂದು ನಕ್ಕವರ ಮಕ್ಕಳೇ ಈಗ ಪರೀಕದ ಪ್ರಕೃತಿ ಚಿಕಿತ್ಸಾ ಆಸ್ಪತ್ರೆ ಸೌಖ್ಯವನದಲ್ಲಿ ರೂಮು ಬುಕ್ ಮಾಡಿ, ಅದೇ ಟಬ್ಬಿನಲ್ಲಿ ದುಡ್ಡು ಕೊಟ್ಟು ಕೂರುತ್ತಾರೆ!

ಗರ್ಭಿಣಿಯರು, ಮುಟ್ಟಿನ ದಿನಗಳಲ್ಲಿರುವವರು, ಹೃದಯದ ತೊಂದರೆ ಇರುವವರು, ರಕ್ತ ಹೋಗುವ ಮೂಲವ್ಯಾಧಿಯವರು ವೈದ್ಯರನ್ನು ಕೇಳದೆ ಕೂರಬೇಡಿ. ಬಿಪಿ, ಶುಗರಿನ ಮಾತ್ರೆಯನ್ನು ಇದನ್ನು ನಂಬಿ ನಿಲ್ಲಿಸುವುದಂತೂ ಕೂಡದು.

ಸ್ನಾನವಾಗಿ ಒಂದು ಗಂಟೆ ಕಳೆದ ಮೇಲೆ ಕುಚ್ಚಲಕ್ಕಿ ಗಂಜಿ ಉಣ್ಣಿ. ಜೊತೆಗೆ ಉಪ್ಪಿನಕಾಯಿ ಬೇಡ ಎಂದು ಪ್ರಕೃತಿ ಚಿಕಿತ್ಸೆಯವರು ಹೇಳುತ್ತಾರೆ. ಆ ಒಂದು ಮಾತನ್ನು ನಾನು ಕೇಳುವುದಿಲ್ಲ.