ಯುದ್ಧದ ತನಿಖೆಗೆ ಸರ್ಕಾರ ಕೊಟ್ಟ ಉತ್ತರವನ್ನು ಓದುವುದು ಹೇಗೆ

ಬೆಂಗಳೂರಿನ ಕನ್ನಡ ದಿನಪತ್ರಿಕೆಯೊಂದರ ವಿದೇಶ ಸುದ್ದಿ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ಬಳಸಿದ ಕ್ರಿಯಾಪದ ಬಹುಶಃ ‘ನಿರಾಕರಿಸು’. ಯಾವುದೋ ದೇಶದ ಸೇನೆ ನಾಗರಿಕರನ್ನು ಕೊಂದಿದೆ ಎಂದು ವಿಶ್ವಸಂಸ್ಥೆಯ ತನಿಖಾ ವರದಿ ಹೇಳುತ್ತದೆ, ಆ ದೇಶದ ವಿದೇಶಾಂಗ ಸಚಿವಾಲಯ ಅದೇ ಸಂಜೆ ಹೇಳಿಕೆ ಕೊಡುತ್ತದೆ, ರಾತ್ರಿ ಹನ್ನೊಂದಕ್ಕೆ ಪುಟ ಮುಗಿಯಬೇಕು. ‘ವರದಿಯನ್ನು ಸರ್ಕಾರ ನಿರಾಕರಿಸಿದೆ’ ಎಂದು ಬರೆದು ಕಳಿಸಿದರೆ ಕೆಲಸ ಮುಗಿಯಿತು. ಆದರೆ ಆ ವಾಕ್ಯದಿಂದ ಓದುಗನಿಗೆ ಏನೂ ತಿಳಿಯುವುದಿಲ್ಲ. ಸಾವುಗಳು ಆಗಿಯೇ ಇಲ್ಲ ಎಂದು ಸರ್ಕಾರ ಹೇಳಿತೇ, ಆದದ್ದು ನಿಜ, ಮಾಡಿದವರು ನಾವಲ್ಲ ಎಂದಿತೇ, ತನಿಖೆ ಮಾಡಲು ನಿಮಗೆ ಅಧಿಕಾರವಿಲ್ಲ ಎಂದಿತೇ, ಅಥವಾ ತನಿಖಾ ತಂಡವನ್ನು ಗಡಿಯೊಳಗೇ ಬಿಡಲಿಲ್ಲವೇ? ನಾಲ್ಕೂ ಬೇರೆ ಬೇರೆ ಉತ್ತರಗಳು. ಒಂದೇ ಪದ ನಾಲ್ಕನ್ನೂ ಮುಚ್ಚಿಬಿಡುತ್ತದೆ.

ಆದ್ದರಿಂದ ಇಂಥ ಹೇಳಿಕೆ ಕೈಗೆ ಬಂದಾಗ ಮೊದಲು ಮಾಡಬೇಕಾದದ್ದು, ಅದರ ಪ್ರತಿ ವಾಕ್ಯದ ಮುಂದೆ ಒಂದು ಪ್ರಶ್ನೆ ಬರೆದುಕೊಳ್ಳುವುದು: ಈ ವಾಕ್ಯ ಉತ್ತರ ಕೊಡುತ್ತಿರುವುದು ತನಿಖೆ ಮಾಡಿದವರಿಗೋ, ತನಿಖೆಯಲ್ಲಿ ಹೇಳಿರುವ ಸಂಗತಿಗೋ? ಒಂದು ಹಾಳೆಯನ್ನು ಉದ್ದಕ್ಕೆ ಎರಡು ಭಾಗ ಮಾಡಿ, ‘ಪಕ್ಷಪಾತ’, ‘ರಾಜಕೀಯ ಪ್ರೇರಿತ’, ‘ಸಾರ್ವಭೌಮತ್ವಕ್ಕೆ ಧಕ್ಕೆ’ ಎಂಬಂಥ ಮಾತುಗಳನ್ನು ಎಡಕ್ಕೂ, ದಿನಾಂಕ, ಸ್ಥಳ, ಆಯುಧ, ಸೇನಾ ತುಕಡಿ, ಸತ್ತವರ ಸಂಖ್ಯೆಗಳ ಬಗ್ಗೆ ಆಡಿದ ಮಾತುಗಳನ್ನು ಬಲಕ್ಕೂ ಬರೆಯಿರಿ. ಬಲಭಾಗ ಖಾಲಿ ಉಳಿದರೆ ಸರ್ಕಾರ ಸಂಗತಿಯನ್ನು ಮುಟ್ಟಿಲ್ಲ ಎಂದು ಅರ್ಥ. ಅದರಿಂದ ಆರೋಪ ಸಾಬೀತಾಗುವುದಿಲ್ಲ. ಉತ್ತರ ಇನ್ನೂ ಬಂದಿಲ್ಲ ಎಂದಷ್ಟೇ ಗೊತ್ತಾಗುತ್ತದೆ. ಬರೆಯುವಾಗಲೂ ಈ ಭೇದ ಉಳಿಯಲಿ: ಸಂಗತಿ ಸುಳ್ಳೆಂದರೆ ‘ಅಲ್ಲಗಳೆದಿದೆ’, ವರದಿಯನ್ನು ಒಪ್ಪದಿದ್ದರೆ ‘ತಿರಸ್ಕರಿಸಿದೆ’, ತಂಡವನ್ನು ಬಿಡದಿದ್ದರೆ ‘ಪ್ರವೇಶ ಕೊಡಲಿಲ್ಲ’. ಕನ್ನಡದಲ್ಲಿ ಪದಗಳಿಗೆ ಬರವಿಲ್ಲ.

ಬಲಭಾಗದಲ್ಲಿ ಬರೆದದ್ದನ್ನು ಪರೀಕ್ಷಿಸಬಹುದು ಎಂಬುದೇ ಅದರ ಬೆಲೆ. 2022ರ ಏಪ್ರಿಲ್ ಆರಂಭದಲ್ಲಿ ಉಕ್ರೇನಿನ ಕೀವ್ ಹತ್ತಿರದ ಬುಚಾ ಪಟ್ಟಣದ ಬೀದಿಯಲ್ಲಿ ನಾಗರಿಕರ ಶವಗಳು ಬಿದ್ದಿದ್ದ ಚಿತ್ರಗಳು ಹೊರಬಂದಾಗ, ರಷ್ಯಾ ಅದನ್ನು ಕಟ್ಟುಕತೆ ಎಂದು ಕರೆದು, ತನ್ನ ಪಡೆಗಳು ಮಾರ್ಚ್ 30ರಂದೇ ಅಲ್ಲಿಂದ ಹೊರಟಿದ್ದವು, ತನ್ನ ಹಿಡಿತದಲ್ಲಿದ್ದಾಗ ಒಬ್ಬ ನಿವಾಸಿಗೂ ಹಿಂಸೆಯಾಗಿಲ್ಲ ಎಂದು ಹೇಳಿತು. ಈ ಉತ್ತರದಲ್ಲಿ ಒಂದು ದಿನಾಂಕವಿತ್ತು. ಪಟ್ಟಣ ರಷ್ಯಾದ ಪಡೆಗಳ ಕೈಯಲ್ಲಿದ್ದ ಮಾರ್ಚ್ ನಡುಭಾಗದಲ್ಲಿ ತೆಗೆದ ಉಪಗ್ರಹ ಚಿತ್ರಗಳಲ್ಲಿ, ಯಾಬ್ಲುನ್ಸ್ಕಾ ಬೀದಿಯ ಅದೇ ಜಾಗಗಳಲ್ಲಿ ಶವಗಳಂಥ ಆಕೃತಿಗಳು ಕಾಣಿಸಿದವು. ಬೀದಿಯ ವಿಡಿಯೊದಲ್ಲಿ ಶವ ಬಿದ್ದಿದ್ದ ತಾಣಕ್ಕೂ ಚಿತ್ರದ ಕಪ್ಪು ಗುರುತಿಗೂ ಒಂದೊಂದಾಗಿ ತಾಳೆಯಾಯಿತು. ಆ ದಿನಾಂಕ ಕೊಡದೆ, ಬರೀ ‘ಇದು ಪಶ್ಚಿಮದ ಸಂಚು’ ಎಂದಿದ್ದರೆ ಹೀಗೆ ತಾಳೆ ನೋಡಲು ಏನೂ ಸಿಗುತ್ತಿರಲಿಲ್ಲ.

ಬುಚಾ ಪ್ರಸ್ತಾಪ ಬಂದಾಗ ವಿಜಯನಗರದಲ್ಲಿ ಐಎಎಸ್, ಕೆಎಎಸ್ ಪರೀಕ್ಷೆಗೆ ಓದುತ್ತಿರುವ ಹುಡುಗರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆ, “ಸರ್, ಆಗ ಭಾರತ ಯಾರ ಪರ ಇತ್ತು?” ಎಂಬುದು. ನಾನು ಅವರಿಗೆ ಎರಡು ದಿನಾಂಕ ಬರೆಸುತ್ತೇನೆ. ಏಪ್ರಿಲ್ 5ರಂದು ಭದ್ರತಾ ಮಂಡಳಿಯಲ್ಲಿ ಭಾರತ ಆ ಹತ್ಯೆಗಳನ್ನು ಸ್ಪಷ್ಟವಾಗಿ ಖಂಡಿಸಿ, ಸ್ವತಂತ್ರ ತನಿಖೆಯ ಬೇಡಿಕೆಯನ್ನು ಬೆಂಬಲಿಸಿತು. ಏಪ್ರಿಲ್ 7ರಂದು ರಷ್ಯಾವನ್ನು ಮಾನವ ಹಕ್ಕುಗಳ ಮಂಡಳಿಯಿಂದ ಅಮಾನತು ಮಾಡುವ ನಿರ್ಣಯ ಸಾಮಾನ್ಯ ಸಭೆಯ ಮುಂದೆ ಬಂದಾಗ ಮತದಾನದಿಂದ ದೂರ ಉಳಿಯಿತು. ಪರವಾಗಿ 93, ವಿರುದ್ಧವಾಗಿ 24, ದೂರ ಉಳಿದವು 58. ಹತ್ಯೆಯನ್ನು ಖಂಡಿಸುವುದು, ತನಿಖೆ ಬೇಕೆನ್ನುವುದು, ತನಿಖೆಗೆ ಮೊದಲೇ ಶಿಕ್ಷೆ ವಿಧಿಸುವುದು — ರಾಜತಾಂತ್ರಿಕ ಭಾಷೆಯಲ್ಲಿ ಇವು ಮೂರು ಪ್ರತ್ಯೇಕ ಕ್ರಿಯೆಗಳು. ಮತದ ಪಟ್ಟಿಯೊಂದನ್ನೇ ನೋಡಿ ದೇಶದ ನಿಲುವನ್ನು ನಿರ್ಧರಿಸಬಾರದು. ಮತದ ಮೊದಲು ಅಥವಾ ನಂತರ ಪ್ರತಿನಿಧಿ ಕೊಡುವ ವಿವರಣೆಯನ್ನೂ ಜೊತೆಗಿಟ್ಟು ಓದಬೇಕು.

ಎಡಭಾಗದ ಮಾತುಗಳನ್ನೆಲ್ಲ ನೆಪವೆಂದು ತಳ್ಳಿಹಾಕುವುದೂ ಅನ್ಯಾಯ. ತನಿಖೆಯ ಕಾರ್ಯವ್ಯಾಪ್ತಿ ಒಂದೇ ಪಕ್ಷದ ಕೃತ್ಯಗಳಿಗೆ ಸೀಮಿತವಾಗಿದ್ದರೆ ಆಕ್ಷೇಪಣೆಗೆ ನಿಜವಾದ ತೂಕವಿದೆ. ಹಾಗಾಗಿ ತಂಡವನ್ನು ನೇಮಿಸಿದ ನಿರ್ಣಯದ ಮೂಲ ಪಠ್ಯವನ್ನು ಓದಿ, ಅದರಲ್ಲಿ ‘ಎಲ್ಲ ಪಕ್ಷಗಳು’ ಎಂದಿದೆಯೇ, ಒಂದು ದೇಶದ ಹೆಸರಷ್ಟೇ ಇದೆಯೇ ಎಂದು ನೋಡಿಕೊಳ್ಳಿ. ಆದರೆ ಆಕ್ಷೇಪಣೆ ಬೆಳೆಯುತ್ತಾ ಹೋಗಿ ತನಿಖೆಯೇ ನಿಂತುಹೋಗುವ ಸಂದರ್ಭಗಳಿವೆ. 2002ರ ಏಪ್ರಿಲ್‌ನಲ್ಲಿ ಪ್ಯಾಲೆಸ್ಟೀನಿನ ವೆಸ್ಟ್ ಬ್ಯಾಂಕ್‌ನಲ್ಲಿರುವ ಜೆನಿನ್ ನಿರಾಶ್ರಿತರ ಶಿಬಿರದಲ್ಲಿ ಇಸ್ರೇಲ್ ಸೇನೆ ನಡೆಸಿದ ಕಾಳಗದ ಬಗ್ಗೆ ಸತ್ಯಶೋಧನೆಗೆ ವಿಶ್ವಸಂಸ್ಥೆಯ ಅಂದಿನ ಪ್ರಧಾನ ಕಾರ್ಯದರ್ಶಿ ಕೋಫಿ ಅನ್ನಾನ್ ತಂಡ ರಚಿಸಿದಾಗ ಇಸ್ರೇಲ್ ಮೊದಲು ಒಪ್ಪಿತು. ನಂತರ ಸದಸ್ಯರು ಯಾರು, ಸಾಕ್ಷಿಗಳು ಯಾರು, ಯಾವ ದಾಖಲೆ ಕೊಡಬೇಕು ಎಂಬ ಆಕ್ಷೇಪಣೆಗಳು ಒಂದರ ಹಿಂದೆ ಒಂದು ಬಂದು, ಮೇ ಮೊದಲ ವಾರದಲ್ಲಿ ಆ ತಂಡವನ್ನೇ ವಿಸರ್ಜಿಸಲಾಯಿತು. ಆ ಹೊತ್ತಿಗೆ ಐನೂರು ಜನ ಸತ್ತಿದ್ದಾರೆ ಎಂಬ ಆರೋಪ ಜಗತ್ತಿನಲ್ಲೆಲ್ಲ ಹರಡಿತ್ತು. ಸ್ಥಳಕ್ಕೆ ಹೋಗದೆಯೇ ವಿಶ್ವಸಂಸ್ಥೆ ಮುಂದೆ ಸಿದ್ಧಪಡಿಸಿದ ವರದಿ, ಕನಿಷ್ಠ 52 ಪ್ಯಾಲೆಸ್ಟೀನಿಯರು ಮತ್ತು 23 ಇಸ್ರೇಲಿ ಸೈನಿಕರು ಸತ್ತಿದ್ದಾರೆಂದೂ ಐನೂರರ ಆರೋಪಕ್ಕೆ ಆಧಾರ ಸಿಗಲಿಲ್ಲವೆಂದೂ ಹೇಳಿತು. ತಂಡವನ್ನು ಒಳಗೆ ಬಿಟ್ಟಿದ್ದರೆ ಇಸ್ರೇಲಿನ ಮೇಲಿದ್ದ ಉತ್ಪ್ರೇಕ್ಷಿತ ಆರೋಪ ಇನ್ನೂ ಬೇಗ ಬಿದ್ದುಹೋಗುತ್ತಿತ್ತು. ಉಳಿದ ಸಾವುಗಳಲ್ಲಿ ನಾಗರಿಕರು ಎಷ್ಟು, ಅವರು ಸತ್ತದ್ದು ಹೇಗೆ ಎಂಬುದು ಸ್ಥಳದಲ್ಲೇ ವಿಚಾರಣೆಗೆ ಬರುತ್ತಿತ್ತು. ಬಾಗಿಲು ಹಾಕಿದ್ದರಿಂದ ಎರಡೂ ಕಡೆಯವರಿಗೆ ನಷ್ಟವಾಯಿತು ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ಸಾಮಾನ್ಯ ಉತ್ತರ, ‘ನಾವೇ ತನಿಖೆ ಮಾಡುತ್ತೇವೆ’ ಎಂಬುದು. ಇದು ಬರೀ ಶಿಷ್ಟಾಚಾರದ ಮಾತಲ್ಲ, ಕಾನೂನಿನ ಮಾತು. ಯುದ್ಧಾಪರಾಧದಂಥ ಪ್ರಕರಣಗಳಲ್ಲಿ ವ್ಯಕ್ತಿಗಳನ್ನು ವಿಚಾರಣೆಗೆ ಒಳಪಡಿಸುವ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಸ್ಥಾಪಿಸಿದ ಒಪ್ಪಂದವೇ 1998ರಲ್ಲಿ ಅಂಗೀಕಾರಗೊಂಡ ರೋಮ್ ಶಾಸನ. ಅದರ 17ನೇ ವಿಧಿಯ ಪ್ರಕಾರ, ದೇಶವೊಂದು ಪ್ರಾಮಾಣಿಕವಾಗಿ ತನಿಖೆ ಅಥವಾ ವಿಚಾರಣೆ ನಡೆಸುತ್ತಿದ್ದರೆ ಆ ನ್ಯಾಯಾಲಯ ಆ ಪ್ರಕರಣಕ್ಕೆ ಕೈಹಾಕುವಂತಿಲ್ಲ. ಮನಸ್ಸಿಲ್ಲದ ಅಥವಾ ಸಾಮರ್ಥ್ಯವಿಲ್ಲದ ದೇಶದ ವಿಷಯದಲ್ಲಿ ಮಾತ್ರ ಅದು ಮುಂದುವರಿಯಬಹುದು. ಹಾಗಾಗಿ ಸ್ವದೇಶಿ ಆಯೋಗದ ಘೋಷಣೆ ಹೊರಗಿನ ತನಿಖೆಯನ್ನು ತಡೆಯುವ ಗುರಾಣಿಯೂ ಆಗಬಹುದು, ನಿಜವಾದ ಹೊಣೆಗಾರಿಕೆಯೂ ಆಗಬಹುದು. ಯಾವುದೆಂದು ತಿಳಿಯಲು ಆಯೋಗ ರಚನೆಯಾದ ದಿನ, ವರದಿ ಬಂದ ದಿನ, ಅದರ ಮೇಲೆ ದಾಖಲಾದ ಮೊಕದ್ದಮೆ, ಈ ಮೂರನ್ನು ಹಿಡಿದು ನೋಡಿ. ರೊಹಿಂಗ್ಯಾ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯದ ಆರೋಪಗಳ ವಿಷಯದಲ್ಲಿ ಮ್ಯಾನ್ಮಾರ್ 2017ರ ವಿಶ್ವಸಂಸ್ಥೆಯ ಸತ್ಯಶೋಧನಾ ತಂಡಕ್ಕೆ ಪ್ರವೇಶ ಕೊಡಲಿಲ್ಲ. 2018ರ ಜುಲೈನಲ್ಲಿ ತನ್ನದೇ ಆಯೋಗ ರಚಿಸಿತು. ಯುದ್ಧಾಪರಾಧಗಳು ನಡೆದಿರಬಹುದು, ಜನಾಂಗಹತ್ಯೆಯ ಉದ್ದೇಶ ಕಾಣಲಿಲ್ಲ ಎಂಬ ತೀರ್ಮಾನದ ವರದಿಯನ್ನು ಆ ಆಯೋಗ ಸಲ್ಲಿಸಿದ್ದು 2020ರ ಜನವರಿ 20ರಂದು. ಗ್ಯಾಂಬಿಯಾ ಹೂಡಿದ್ದ ಮೊಕದ್ದಮೆಯಲ್ಲಿ ದೇಶಗಳ ನಡುವಿನ ವ್ಯಾಜ್ಯಗಳನ್ನು ನೋಡುವ, ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ರೊಹಿಂಗ್ಯಾ ಜನರ ರಕ್ಷಣೆಗೆ ಮಧ್ಯಂತರ ಆದೇಶ ಕೊಟ್ಟಿದ್ದು ಜನವರಿ 23ರಂದು. ನಡುವೆ ಮೂರೇ ದಿನ.

ಆಸ್ಟ್ರೇಲಿಯಾದ ಉತ್ತರ ಬೇರೆ ಬಗೆಯದು. ಅಫ್ಘಾನಿಸ್ತಾನದಲ್ಲಿ ತನ್ನ ವಿಶೇಷ ಪಡೆಗಳು 39 ಜನರನ್ನು ಕಾನೂನುಬಾಹಿರವಾಗಿ ಕೊಂದಿರುವ ಬಗ್ಗೆ ನಂಬಲರ್ಹ ಮಾಹಿತಿ ಇದೆ ಎಂಬ ವರದಿಯನ್ನು 2020ರ ನವೆಂಬರ್‌ನಲ್ಲಿ ಸೇನೆಯ ಮುಖ್ಯಸ್ಥರೇ ಪ್ರಕಟಿಸಿ, ಅಫ್ಘನ್ ಜನರ ಕ್ಷಮೆ ಕೇಳಿದರು. ಮರುವರ್ಷದ ಆರಂಭದಲ್ಲಿ ವಿಶೇಷ ತನಿಖಾಧಿಕಾರಿಯ ಕಚೇರಿ ತೆರೆಯಿತು. ಆದರೂ ಮೊದಲ ಕೊಲೆ ಆರೋಪ ದಾಖಲಾದದ್ದು 2023ರ ಮಾರ್ಚ್‌ನಲ್ಲಿ.

ತನಿಖಾಧಿಕಾರಿಗಳನ್ನೇ ಗುರಿಮಾಡುವ ಉತ್ತರವೂ ಇದೆ. 2020ರ ಸೆಪ್ಟೆಂಬರ್‌ನಲ್ಲಿ ಅಮೆರಿಕವು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಅಂದಿನ ಮುಖ್ಯ ಅಭಿಯೋಜಕಿ ಫತೌ ಬೆನ್ಸೌದಾ ಅವರ ಮೇಲೆ ನಿರ್ಬಂಧ ಹೇರಿ, 2021ರ ಏಪ್ರಿಲ್‌ನಲ್ಲಿ ತೆಗೆಯಿತು. ಇದನ್ನು ಹೇಳಿಕೆ ಎಂದು ಓದದೆ, ಕ್ರಮ ಎಂದೇ ದಾಖಲಿಸಿಕೊಳ್ಳಿ.

ಕೊನೆಯದಾಗಿ, ಹಾಳೆಯನ್ನು ಎಸೆಯಬೇಡಿ. ಸರ್ಕಾರಗಳ ಉತ್ತರ ಒಂದು ದಿನದ್ದಲ್ಲ, ಅದಕ್ಕೊಂದು ಆಯುಷ್ಯವಿರುತ್ತದೆ. ಶ್ರೀಲಂಕಾದ ಪುಟವನ್ನು ನಾನು 2009ರಿಂದ ತುಂಬಿಸುತ್ತಾ ಬಂದಿದ್ದೇನೆ. ಆ ಮೇ ತಿಂಗಳಲ್ಲಿ ಯುದ್ಧ ಮುಗಿಯಿತು. ಅದೇ ತಿಂಗಳು ಜಿನೀವಾದ ಮಾನವ ಹಕ್ಕುಗಳ ಮಂಡಳಿಯಲ್ಲಿ ಕೊಲಂಬೊಗೆ ಅನುಕೂಲಕರವಾದ ನಿರ್ಣಯ ಅಂಗೀಕಾರವಾಯಿತು, ಭಾರತ ಅದರ ಪರ ಮತ ಹಾಕಿತು. 2012 ಮತ್ತು 2013ರಲ್ಲಿ ಹೊಣೆಗಾರಿಕೆ ಕೇಳುವ ನಿರ್ಣಯಗಳಿಗೆ ಭಾರತದ ಮತ ಬಿತ್ತು. 2014ರಲ್ಲಿ ಅಂತರರಾಷ್ಟ್ರೀಯ ತನಿಖೆಯ ಪ್ರಸ್ತಾಪ ಬಂದಾಗ ಭಾರತ ದೂರ ಉಳಿಯಿತು. 2015ರಲ್ಲಿ ಕೊಲಂಬೊದಲ್ಲಿ ಸರ್ಕಾರ ಬದಲಾಗಿ, ಶ್ರೀಲಂಕಾ ತಾನೇ ಹೊಣೆಗಾರಿಕೆಯ ಹೊಸ ನಿರ್ಣಯವೊಂದರ ಸಹ ಪ್ರಾಯೋಜಕ ದೇಶವಾಗಿ ಸಹಿ ಹಾಕಿತು. ಇನ್ನೊಂದು ಸರ್ಕಾರ ಬಂದು 2020ರ ಫೆಬ್ರುವರಿಯಲ್ಲಿ ಅದರಿಂದ ಹಿಂದೆ ಸರಿಯಿತು. ಯುದ್ಧದ ಕೊನೆಯ ದಿನಗಳಲ್ಲಿ ಮುಳ್ಳಿವಾಯ್ಕಾಲ್ ಬಳಿ ಸೇನೆಗೆ ಒಪ್ಪಿಸಿದ ಮಕ್ಕಳು ಎಲ್ಲಿ ಎಂದು ಕೇಳುತ್ತಾ ತಮಿಳು ತಾಯಂದಿರು ಫೋಟೊ ಹಿಡಿದು ರಸ್ತೆ ಬದಿಯಲ್ಲಿ ಕೂರಲು ಶುರುಮಾಡಿದ್ದು 2017ರಲ್ಲಿ, ಅಂದರೆ ಸಹಿ ಮತ್ತು ಹಿಂತೆಗೆತದ ನಡುವಿನ ಅವಧಿಯಲ್ಲಿ. ಆ ಪುಟದ ಎಡಭಾಗ ಎರಡು ಸಲ ತುಂಬಿ, ಹೆಚ್ಚುವರಿ ಹಾಳೆ ಅಂಟಿಸಿದ್ದೇನೆ. ಬಲಭಾಗದಲ್ಲಿ, ಆ ಮಕ್ಕಳ ಪ್ರಶ್ನೆಯ ಎದುರಿಗೆ, ಇನ್ನೂ ಜಾಗ ಬಿಟ್ಟಿದ್ದೇನೆ.