ಇಬ್ಬರು ಸೇರಿ ಒಂದು ಕ್ಯಾನ್ವಾಸ್: ಬಣ್ಣಕ್ಕಿಂತ ಮೊದಲು ಮಾತು

ಇಬ್ಬರು ಕಲಾವಿದರು ಸೇರಿ ಮಿಶ್ರ ಮಾಧ್ಯಮದಲ್ಲಿ (ಬಣ್ಣ, ಕಾಗದ, ಬಟ್ಟೆ ಎಲ್ಲ ಬೆರೆಸಿ) ಅಮೂರ್ತ ಚಿತ್ರಗಳ ಸರಣಿ ಮಾಡಲು ಹೊರಟರೆ ಮೊದಲು ಚರ್ಚೆಗೆ ಬರುವುದು ಬಣ್ಣ, ಸೈಜು, ಗ್ಯಾಲರಿ. ಅದೆಲ್ಲ ಆಮೇಲೆ ನೋಡಿಕೊಳ್ಳಬಹುದು. ಮೊದಲು ತೀರ್ಮಾನ ಆಗಬೇಕಾದದ್ದು ಒಂದೇ: ನಾನು ಮಾಡಿದ್ದನ್ನು ನೀನು ಮುಚ್ಚಬಹುದಾ? ಇದಕ್ಕೆ ಇಬ್ಬರೂ ಮನಸಾರೆ ಹೂಂ ಅನ್ನದಿದ್ದರೆ, ಅಣ್ಣತಮ್ಮಂದಿರು ಬದು ಹಾಕಿಕೊಂಡ ಹೊಲದ ಹಾಗೆ ಎಡಕ್ಕೊಬ್ಬರು ಬಲಕ್ಕೊಬ್ಬರು ಉಳಿದುಬಿಡುತ್ತೀರಿ.

ಅಮೆರಿಕದ ಚಿತ್ರಕಲಾವಿದರಾದ ಆಂಡಿ ವಾರ್ಹೋಲ್ ಮತ್ತು ಜೀನ್ ಮಿಶೆಲ್ ಬಾಸ್ಕಿಯಾ 1984-85ರಲ್ಲಿ ನ್ಯೂಯಾರ್ಕಿನಲ್ಲಿ ಸೇರಿ ಮಾಡಿದ ಚಿತ್ರಗಳನ್ನು ಒಮ್ಮೆ ನೋಡಿ. ಅವು ಪೂರ್ತಿ ಅಮೂರ್ತವಲ್ಲ, ಆದರೆ ಕೆಲಸದ ಕ್ರಮ ನಮಗೆ ಬೇಕಾದದ್ದೇ. ಹೆಚ್ಚಾಗಿ ವಾರ್ಹೋಲ್ ಮೊದಲು ಯಾವುದೋ ಕಂಪನಿಯ ಲೋಗೊ ಅಥವಾ ಪತ್ರಿಕೆಯ ತಲೆಬರಹ ಬರೆದಿಡುತ್ತಿದ್ದ, ಬಾಸ್ಕಿಯಾ ಬಂದು ಅದರ ಮೇಲೇ ಗೀಚಿ, ಹೊಡೆದುಹಾಕಿ, ತನ್ನ ಮುಖಗಳನ್ನು ತುಂಬುತ್ತಿದ್ದ. 1985ರ ಪ್ರದರ್ಶನಕ್ಕೆ ಕೆಟ್ಟ ವಿಮರ್ಶೆ ಬಂತು, ಸ್ನೇಹವೂ ತಣ್ಣಗಾಯಿತು. ಆದರೆ ಅದೇ ಚಿತ್ರಗಳಿಗೆ 2023ರಲ್ಲಿ ಪ್ಯಾರಿಸ್ಸಿನಲ್ಲಿ ದೊಡ್ಡ ಪ್ರದರ್ಶನವಾಯಿತು. ಇಲ್ಲಿಂದ ನಾವು ಎತ್ತಿಕೊಳ್ಳಬೇಕಾದದ್ದು ಇಷ್ಟೇ: ಮೊದಲು ಕೈ ಹಾಕಿದವರು ಚಿತ್ರವನ್ನು ಮುಗಿಸಬಾರದು, ಅರ್ಧಕ್ಕೇ ಬಿಟ್ಟುಕೊಡಬೇಕು.

ಇನ್ನೊಂದು ದಾರಿಯೂ ಇದೆ. ನಮ್ಮ ಚಿತ್ರಕಲಾವಿದ ಎಸ್. ಜಿ. ವಾಸುದೇವ್ ಅವರ ಚಿತ್ರಗಳನ್ನು ನೇಕಾರ ಸುಬ್ಬರಾಯಲು ರೇಷ್ಮೆಯಲ್ಲಿ ನೇಯ್ದಿದ್ದಾರೆ. ಅಲ್ಲಿ ಯಾರ ಕೆಲಸ ಯಾವುದು ಅನ್ನುವುದು ಸ್ಪಷ್ಟ. ನಿಮ್ಮದು ಯಾವ ಬಗೆ ಅಂತ ಶುರುವಿನಲ್ಲೇ ಹೇಳಿಕೊಳ್ಳಿ. ನಾನು ಮುಂದೆ ಬರೆದಿರುವುದು ಮೊದಲ ಬಗೆಗೆ, ಅಂದರೆ ಒಬ್ಬರ ಮೇಲೆ ಒಬ್ಬರು ಬಳಿಯುವುದಕ್ಕೆ.

ನೇರ ಕ್ಯಾನ್ವಾಸಿಗೆ ಹೋಗಬೇಡಿ. ಅಗ್ಗದ ಕಾರ್ಟ್ರಿಡ್ಜ್ ಹಾಳೆ (ಡ್ರಾಯಿಂಗ್ ಹಾಳೆ) ತಂದು ಕೈ ಪಳಗಿಸಿಕೊಳ್ಳಿ. 1920ರ ದಶಕದಲ್ಲಿ ಪ್ಯಾರಿಸ್ಸಿನ ಸರ್ರಿಯಲಿಸ್ಟರು (ಕನಸು, ಒಳಮನಸ್ಸಿನ ಜಾಡು ಹಿಡಿದ ಕಲಾವಿದರು, ಬರಹಗಾರರು) ಕಾಗದ ಮಡಚಿ, ಹಿಂದಿನವರು ಬರೆದದ್ದು ಕಾಣದ ಹಾಗೆ ಮುಂದುವರಿಸುವ ಆಟ ಆಡುತ್ತಿದ್ದರು. ಅದನ್ನೇ ಮಾಡಿ. ಒಂದು ಸಂಜೆಯಲ್ಲಿ ಜೊತೆಯವರ ಸ್ವಭಾವ ಗೊತ್ತಾಗುತ್ತದೆ: ಯಾರು ಬಿಳಿ ಜಾಗ ಕಂಡರೆ ಸುಮ್ನೆ ಇರಲಾರರು, ಯಾರು ಅಂಚಿಗೆ ಬರಲು ಹೆದರುತ್ತಾರೆ, ಎಲ್ಲ.

ಈಗ ಸಾಮಾನು. ಜಂಟಿ ಕೆಲಸಗಳು ಹಾಳಾಗುವುದು ಕಲ್ಪನೆ ಕಡಿಮೆಯಾಗಿ ಅಲ್ಲ, ಒಬ್ಬರ ಪದರದ ಮೇಲೆ ಇನ್ನೊಬ್ಬರ ಪದರ ನಿಲ್ಲದೆ. ಅಕ್ರಿಲಿಕ್ (ನೀರಿನಲ್ಲಿ ಕಲಸುವ, ಬೇಗ ಒಣಗುವ ಬಣ್ಣ) ಮೇಲೆ ಆಯಿಲ್, ಅಂದರೆ ಎಣ್ಣೆ ಬಣ್ಣ, ಬಳಿಯಬಹುದು, ಆಯಿಲ್ ಮೇಲೆ ಅಕ್ರಿಲಿಕ್ ಕೂರುವುದಿಲ್ಲ, ಇವತ್ತಲ್ಲ ನಾಳೆ ಸಿಪ್ಪೆ ಏಳುತ್ತದೆ. ಆಯಿಲ್ ಪೇಸ್ಟಲ್ (ಎಣ್ಣೆ ಬೆರೆತ ಬಣ್ಣದ ಕಡ್ಡಿ) ಪೂರ್ತಿ ಒಣಗುವುದೇ ಇಲ್ಲ, ಅದರ ಮೇಲೆ ನೀರಿನ ಬಣ್ಣ ಹಾಕಿದರೆ ಕೆಸುವಿನೆಲೆಯ ನೀರೇ. ಹಾಗಾಗಿ ನಿಮ್ಮಲ್ಲಿ ಒಬ್ಬರು ಆಯಿಲಿನವರು, ಇನ್ನೊಬ್ಬರು ಅಕ್ರಿಲಿಕ್‌ನವರಾದರೆ ಸರದಿ ತಾನಾಗಿಯೇ ನಿರ್ಧಾರವಾಯಿತು: ಆಯಿಲ್ ಕೊನೆಗೆ. ಅದು ಬೇಡ, ಕೊನೆಯ ಮಾತು ಯಾವಾಗಲೂ ಒಬ್ಬರದ್ದೇ ಆಗುತ್ತದೆ ಅನಿಸಿದರೆ ಇಬ್ಬರೂ ಅಕ್ರಿಲಿಕ್‌ಗೆ ಬನ್ನಿ. ಇದ್ದಿಲಿನ ಗೆರೆ ಹಾಕಿದವರು ಅದು ಉದುರದಂತೆ ಹಿಡಿದಿಡುವ ಫಿಕ್ಸೆಟಿವ್ ಸ್ಪ್ರೇ ಹೊಡೆದೇ ಕೊಡಬೇಕು, ಇಲ್ಲದಿದ್ದರೆ ಮುಂದಿನವರ ಹಳದಿ ಕೊಳಕು ಹಸಿರಾಗುತ್ತದೆ.

ಕಾಗದ ಅಂಟಿಸಲು ಕೆಲವರು ಫೆವಿಕಾಲ್ ಸಾಕು ಅನ್ನುತ್ತಾರೆ. ಅಂಟುವುದೇನೋ ಅಂಟುತ್ತದೆ, ಆದರೆ ಮಾಮೂಲಿ ಬಿಳಿ ಅಂಟು ಒಣಗಿದ ಮೇಲೂ ನೀರು ತಾಗಿದರೆ ಮೆತ್ತಗಾಗುತ್ತದೆ. ಜೊತೆಯವರು ನೀರಾಗಿ ಬಣ್ಣ ಹರಿಬಿಟ್ಟರೆ ನೀವು ಅಂಟಿಸಿದ ಟಿಶ್ಯೂ ಕಾಗದ ಮೇಲೆದ್ದು ಬಂತು ಅಂತಲೇ. ಅಕ್ರಿಲಿಕ್ ಮ್ಯಾಟ್ ಮೀಡಿಯಂ (ಬಣ್ಣವಿಲ್ಲದ, ಹೊಳಪಿಲ್ಲದ ಅಕ್ರಿಲಿಕ್ ದ್ರವ) ದುಬಾರಿ, ಆದರೂ ಅದನ್ನೇ ತನ್ನಿ: ಕಾಗದದ ಕೆಳಗೂ ಮೇಲೂ ತೆಳುವಾಗಿ ಬಳಿಯಿರಿ. ಹಳೇ ಪಂಚಾಂಗ, ಪತ್ರಿಕೆಯ ಹಾಳೆ ಚೆನ್ನಾಗಿ ಕಾಣುತ್ತವೆ ನಿಜ, ಆದರೆ ಬೇಗ ಹಳದಿಯಾಗುತ್ತವೆ. ಅರಿಶಿನದ ಬಣ್ಣ ಬಿಸಿಲಿಗೆ ಮಾಸುತ್ತದೆ, ಸುಣ್ಣ ತಾಗಿದರೆ ಕೆಂಪಾಗುತ್ತದೆ. ಬಟ್ಟೆ, ದಾರ, ತಗಡು ಅಂತ ಭಾರದ ವಸ್ತು ಜಾಸ್ತಿ ಇದ್ದರೆ ಕ್ಯಾನ್ವಾಸ್ ಜೋತುಬೀಳುತ್ತದೆ, ಪ್ಲೈವುಡ್ ಬೋರ್ಡಿಗೆ ಎರಡು ಕೋಟು ಗೆಸ್ಸೊ (ಬಣ್ಣ ಹಿಡಿಯಲು ಮೊದಲು ಬಳಿಯುವ ಬಿಳಿ ತಳಲೇಪ) ಹೊಡೆದು ಅದರ ಮೇಲೆ ಮಾಡಿ.

ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ಧಾರವಾಡದಲ್ಲಿ ಇದ್ದರೂ ಚಿಂತೆಯಿಲ್ಲ, ಚಿತ್ರ ಓಡಾಡಲಿ. ಆದರೆ ಅಕ್ರಿಲಿಕ್ ಚಿತ್ರಗಳನ್ನು ಮುಖಕ್ಕೆ ಮುಖ ಇಟ್ಟು ಕಟ್ಟಬೇಡಿ, ಸೆಕೆಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬಬಲ್ ವ್ರ್ಯಾಪ್ ನೇರ ಸುತ್ತಿದರೆ ಗುಳ್ಳೆಯ ಗುರುತು ಬಣ್ಣದ ಮೇಲೆ ಮೂಡುತ್ತದೆ, ಮೊದಲು ಬಟರ್ ಪೇಪರ್ ಹಾಕಿ. ಕಳಿಸುವ ಮೊದಲು ಫೋಟೊ ಕಡ್ಡಾಯ.

ಇನ್ನು ಕಷ್ಟದ ಭಾಗ. ಒಂದು ಮೂಲೆಯಲ್ಲಿ ನೀಲಿ ಹರಿದು, ಒದ್ದೆ ಟಿಶ್ಯೂವಿನ ಸುಕ್ಕಿನಲ್ಲಿ ಇಳಿದು ಎಲೆಯ ನರದಂಥ ಗೆರೆಗಳು ಮೂಡಿರುತ್ತವೆ. ಮಾಡಿದವರಿಗೆ ಅದು ಪ್ರಾಣ. ಆಮೇಲೆ ನೋಡಿ, ಇಡೀ ಚಿತ್ರ ಆ ಮೂಲೆಯನ್ನು ಕಾಯುವುದರಲ್ಲೇ ಕಳೆಯುತ್ತದೆ, ಇನ್ನೊಬ್ಬರು ಉಳಿದ ಮುಕ್ಕಾಲು ಭಾಗದಲ್ಲಿ ಹೆದರಿ ಹೆದರಿ ಕುಂಚ ಇಡುತ್ತಾರೆ, ಒಂದು ಹಂತದಲ್ಲಿ ಯಾರಿಗೂ ಅದನ್ನು ಮುಟ್ಟುವ ಮನಸ್ಸೇ ಇರುವುದಿಲ್ಲ. ಇದಕ್ಕೊಂದು ನಿಯಮ ಇಟ್ಟುಕೊಳ್ಳಿ: ಒಂದು ಚಿತ್ರಕ್ಕೆ ಒಬ್ಬರಿಗೆ ‘ಇದು ಮುಟ್ಟಬೇಡ’ ಅನ್ನುವ ಹಕ್ಕು ಒಂದೇ ಸಲ, ಅದೂ ಅಂಗೈಯಷ್ಟು ಜಾಗಕ್ಕೆ. ಮಿಕ್ಕಿದ್ದೆಲ್ಲ ಮುಚ್ಚಲಿ, ಕೆರೆಯಲಿ, ಸ್ಯಾಂಡ್‌ಪೇಪರ್ ಉಜ್ಜಲಿ. ಮುಗಿಯಿತು ಅನ್ನಲು ಮಾತ್ರ ಇಬ್ಬರೂ ಒಪ್ಪಬೇಕು.

ಸರಣಿ ಅನಿಸಿಕೊಳ್ಳಲು ಎಲ್ಲವೂ ಒಂದೇ ಥರ ಇರಬೇಕಾಗಿಲ್ಲ. ಒಂದೇ ಸೈಜು, ಇಲ್ಲವೇ ಎಲ್ಲದರಲ್ಲೂ ಬರುವ ಒಂದು ವಸ್ತು, ಅಷ್ಟು ಸಾಕು. ಎಲ್ಲವನ್ನೂ ಒಂದೇ ಗೋಡೆಗೆ ಒರಗಿಸಿ ನೋಡಿ, ಹೊಂದದ್ದನ್ನು ಮುಲಾಜಿಲ್ಲದೆ ತೆಗೆಯಿರಿ.

ಕೊನೆಗೆ ಕಾಗದಪತ್ರ. ಬೇಜಾರಿನ ಕೆಲಸ, ಆದರೂ ಮಾಡಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ, ಯಾರ ಪಾಲು ಯಾವುದೆಂದು ಬೇರ್ಪಡಿಸಲಾಗದಂತೆ ಸೇರಿ ಮಾಡಿದ ಕೃತಿ ಇಬ್ಬರದ್ದೂ. ಹಕ್ಕು ಕೂಡ ಇಬ್ಬರಲ್ಲಿ ಕೊನೆಯವರೆಗೆ ಬದುಕಿದ್ದವರ ಮರಣದ ನಂತರ 60 ವರ್ಷ ಇರುತ್ತದೆ. ಯಾರೋ ಕ್ಯಾಲೆಂಡರಿಗೆ ಚಿತ್ರ ಕೇಳಿದರೆ ಒಬ್ಬರೇ ಹೂಂ ಅಂದುಬಿಡುವ ಹಾಗಿಲ್ಲ ಅಂತ ಬರೆದಿಟ್ಟುಕೊಳ್ಳಿ. ಚಿತ್ರದ ಹಿಂಬದಿಯಲ್ಲಿ ಇಬ್ಬರೂ ಸಹಿ ಹಾಕಿ, ಬಳಸಿದ ವಸ್ತುಗಳ ಪಟ್ಟಿಯನ್ನೂ ಅಲ್ಲೇ ಬರೆಯಿರಿ, ಮುಂದೆ ರಿಪೇರಿ ಮಾಡುವವರಿಗೆ ಬೇಕಾಗುತ್ತದೆ. ಬಂದ ದುಡ್ಡಿನಲ್ಲಿ ಮೊದಲು ಸಾಮಾನಿನ ಖರ್ಚು ಕಳೆದು ಆಮೇಲೆ ಸಮಪಾಲು ಮಾಡಿ, ಯಾರು ಎಷ್ಟು ಹೊತ್ತು ಬಳಿದರು ಅಂತ ಲೆಕ್ಕ ಹಾಕಲು ಹೋಗಬೇಡಿ. ಮಾರಾಟವಾಗದೆ ಉಳಿದದ್ದು ಯಾರ ಮನೆಯಲ್ಲಿ ಇರುತ್ತದೆ ಅನ್ನುವುದೂ ಆ ಕಾಗದದಲ್ಲಿರಲಿ, ಯಾಕೆಂದರೆ ನಾಲ್ಕಡಿಯ ಹತ್ತು ಬೋರ್ಡ್ ತಂದಿಟ್ಟರೆ ಬಾಡಿಗೆ ಮನೆಯಲ್ಲಿ ಮಂಚಕ್ಕೆ ಜಾಗ ಇರುವುದಿಲ್ಲ.